ಫ್ರೀಜರಿನಲ್ಲಿಟ್ಟ ಒಳ್ಳೆಯ ಹೆಸರು

ನಾಗ್ವಾಬೊ ಊರಿನಲ್ಲಿ ಫರ್ಮಿನ್‌ನ ಗಂಟಲು ಕೇಳದ ಕಿವಿಯಿಲ್ಲ. ಹಳೆಯ ಪಿಕಪ್ ಗಾಡಿಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿ ಸುತ್ತುವುದು ಅವನ ಕಸುಬು. ಹಾಸಿಗೆ ಅಂಗಡಿಯ ರಿಯಾಯಿತಿ, ಕಳೆದುಹೋದ ನಾಯಿ, ಸತ್ತವರ ಸುದ್ದಿ, ಎಲ್ಲವನ್ನೂ ಅವನು ಒಂದೇ ಉತ್ಸಾಹದಲ್ಲಿ ಸಾರುತ್ತಿದ್ದ. ಅಂಥವನಿಗೂ ದೋನ್ ಕ್ರಿಸ್ಪಿನ್‌ನ ಎದುರು ನಿಂತಾಗ ಬಾಯಿ ಕಟ್ಟಿಹೋಯಿತು.

ಕಡಲ ದಂಡೆಯ ಗೂಡಂಗಡಿಗಳ ಸಾಲಿಗೆ ದೋನ್ ಕ್ರಿಸ್ಪಿನ್ ಯಜಮಾನ. ಅದರಲ್ಲಿ ಮೂಲೆಯ ಅಂಗಡಿ ಬಾಡಿಗೆಗೆ ಬೇಕೆಂದು ಫರ್ಮಿನ್ ಕೇಳಲು ಹೋಗಿದ್ದ. ಬೇಕಾಗಿದ್ದುದು ಅವನಿಗಲ್ಲ, ಹೆಂಡತಿ ನೆರೈದಾಗೆ. ಹಸಿ ಬಾಳೆಕಾಯಿ ತುರಿದು, ನಡುವೆ ಹಂದಿ ಮಾಂಸ ತುಂಬಿ, ಬಾಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿ ಬೇಯಿಸುವ ಪಾಸ್ತೆಲ್‌ಗೆ ಅವಳ ಕೈ ಎತ್ತಿದ ಕೈ. ಆದರೆ ಮಾರುತ್ತಿದ್ದುದು ಮಾತ್ರ ರಸ್ತೆ ಬದಿಯಲ್ಲಿ, ಹಳೇ ಕಾರಿನ ಡಿಕ್ಕಿ ತೆರೆದು, ನೆತ್ತಿ ಸುಡುವ ಬಿಸಿಲಿನಲ್ಲಿ.

"ನಿನ್ ಹೆಂಡ್ತಿ ಪಾಸ್ತೆಲ್ ಬಗ್ಗೆ ತಕರಾರಿಲ್ಲಪ್ಪ," ಎಂದ ದೋನ್ ಕ್ರಿಸ್ಪಿನ್. "ಆ ದರಿದ್ರದ ಒಣದ್ರಾಕ್ಷಿ ಒಂದು ಹಾಕ್ದಿದ್ರೆ ಸ್ವರ್ಗ. ಆದ್ರೆ ನಿನ್ ಕ್ರೆಡಿಟ್ ವರದಿ ತರಿಸಿ ನೋಡ್ದೆ. ಅಯ್ಯೋ ದೇವ್ರೇ, ಅದನ್ನ ಓದೋಕೆ ಮುಂಚೆ ಬಿ.ಪಿ. ಮಾತ್ರೆ ನುಂಗ್ಬೇಕು!"

"ದಿವಾಳಿ ಆಗಿ ಎರಡು ವರ್ಷ ಆಯ್ತಲ್ಲ ದೋನ್ ಕ್ರಿಸ್ಪಿನ್. ಆಮೇಲೆ ಯಾರ ಹತ್ರಾನೂ ಒಂದು ಸೆಂಟ್ ಸಾಲ ತಗೊಂಡಿಲ್ಲ. ಎಲ್ಲಾ ನಗದು!"

"ಅದೇ ಕಣಯ್ಯ ತೊಂದ್ರೆ. ನೀನು ಬಿದ್ದಿದ್ದು ವರದೀಲಿದೆ, ಎದ್ದಿದ್ದು ಎಲ್ಲೂ ಇಲ್ಲ. ಅಲ್ಲೀಗ ನನ್ನ ಸೋದರಳಿಯ ಮೀನು ಹುರೀತಾ ಇದಾನೆ. ಈ ಕ್ರಿಸ್‌ಮಸ್ ಅಲ್ಲ, ಮುಂದಿನ ಕ್ರಿಸ್‌ಮಸ್‌ಗೆ ಒರ್ಲ್ಯಾಂಡೊಗೆ ಹೋಗ್ತಾನೆ. ಅಷ್ಟರಲ್ಲಿ ಏನಾದ್ರೂ ಒಳ್ಳೇದು ಬರೆಸ್ಕೊಂಡು ಬಾ."

ಫರ್ಮಿನ್ ಇಂಗು ತಿಂದ ಮಂಗನಂತೆ ಮನೆಗೆ ಬಂದ.

ಅವನ ದಿವಾಳಿಯ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಚುನಾವಣೆ ಬಂದಾಗ ಮೇಯರ್ ಸ್ಥಾನದ ಅಭ್ಯರ್ಥಿಯೊಬ್ಬ, "ನನ್ನ ಪ್ರಚಾರಕ್ಕೆ ತೆಂಗಿನಕಾಯಿ ಉದುರುವಂಥ ಸದ್ದು ಬೇಕು," ಎಂದ. ಫರ್ಮಿನ್ ಆನೆಯಷ್ಟು ದೊಡ್ಡ ಸ್ಪೀಕರುಗಳನ್ನು ಸಾಲದಲ್ಲಿ ಕೊಂಡ. ಕಾಯಿ ಉದುರಿದವೋ ಇಲ್ಲವೋ, ಅಭ್ಯರ್ಥಿ ಮಾತ್ರ ಉದುರಿದ. ಸೋತವನು ಫೋನ್ ಎತ್ತುತ್ತಾನೆಯೇ? ಸ್ಪೀಕರಿನ ಸಾಲ, ಅದನ್ನು ತೀರಿಸಲು ಉಜ್ಜಿದ ಕಾರ್ಡುಗಳ ಸಾಲ, ಎಲ್ಲ ಸೇರಿ ಕೊನೆಗೆ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ. ಅದಕ್ಕೂ ಮೊದಲೇ ನೆರೈದಾಳ ಉಳಿತಾಯವೂ ಅದೇ ಹೊಂಡಕ್ಕೆ ಬಿದ್ದಿತ್ತು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಫರ್ಮಿನ್‌ಗೆ ಅದೇ ಹೆಚ್ಚು ನೋಯುತ್ತಿತ್ತು. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

ನೆರೈದಾ ಬೈಯದಿದ್ದರೇನು, ಬೈಯಲಿಕ್ಕೆಂದೇ ಅವಳ ಅಕ್ಕ ಮಿಗ್ದಾಲಿಯಾ ಇದ್ದಳಲ್ಲ. ಮನೆಯ ವರಾಂಡದಲ್ಲೇ ಬ್ಯೂಟಿ ಪಾರ್ಲರ್ ನಡೆಸುವವಳು. ಅವಳೂ ಒಂದು ಕಾಲಕ್ಕೆ ದಿವಾಳಿಯಾಗಿ ಎದ್ದವಳೇ, ಅದನ್ನು ಪದಕದಂತೆ ಹೇಳಿಕೊಳ್ಳುತ್ತಿದ್ದಳು. ಫರ್ಮಿನ್‌ನನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಬಿಗಿದು, ಕತ್ತರಿ ಹಿಡಿದಳು. ಏಳುವ ಹಾಗಿಲ್ಲ, ತಲೆ ಅಲ್ಲಾಡಿಸುವ ಹಾಗೂ ಇಲ್ಲ.

"ನಗದು ಕೊಡ್ತೀನಿ ಅಂತ ಮೆರೀತೀಯಲ್ಲ. ನಗದು ಕೊಟ್ಟೋನ ಕಥೆ ಯಾರು ಬರೀತಾರೋ? ಸಾಲ ತಗೊಂಡು ಹೊತ್ತಿಗೆ ಸರಿಯಾಗಿ ವಾಪಸ್ ಕೊಟ್ರೆ ತಾನೇ ನಾಲ್ಕು ಜನಕ್ಕೆ ನಂಬಿಕೆ ಹುಟ್ಟೋದು?"

"ಮತ್ತೆ ಸಾಲವಾ? ಅತ್ತಿಗೆ, ನಿಮಗೆ ತಲೆ ಕೆಟ್ಟಿದ್ಯಾ?"

"ಅಲ್ಲಾಡ್ಬೇಡ, ಕಿವಿ ಹೋಗುತ್ತೆ. ಪೂರ್ತಿ ಕೇಳು. ನಮ್ಮ ಸಹಕಾರಿ ಸಂಘಕ್ಕೆ ಹೋಗು. ಇನ್ನೂರು ಡಾಲರ್ ಠೇವಣಿ ಇಡು, ಅಷ್ಟೇ ಮಿತಿಯ ಕಾರ್ಡ್ ಕೊಡ್ತಾರೆ. ದುಡ್ಡು ನಿಂದೇ, ಅದಕ್ಕೇ ಅವರಿಗೂ ಭಯವಿಲ್ಲ. ತಗೊಳ್ಳೋ ಮುಂಚೆ ಒಂದು ಮಾತು ಕೇಳ್ಕೋ: ನಾನು ಕಟ್ಟಿದ್ದನ್ನ ವರದಿ ಬರೆಯೋ ಸಂಸ್ಥೆಗಳಿಗೆ ತಿಳಿಸ್ತೀರಾ ಅಂತ. ತಿಳಿಸಲ್ಲ ಅಂದ್ರೆ ಅಂಥ ಕಾರ್ಡ್ ಇದ್ರೆಷ್ಟು ಬಿಟ್ರೆಷ್ಟು."

"ನಾನು ನಮ್ಮ ಬೀದಿ ಚೀಟಿಗೆ ವಾರ ವಾರ ತಪ್ಪದೆ ಕಟ್ತೀನಲ್ಲ, ಅದು ಲೆಕ್ಕಕ್ಕಿಲ್ವಾ?"

"ಅದು ನಮ್ಮ ಬೀದಿಗೆ ಗೊತ್ತು. ಕಂಪ್ಯೂಟರ್‌ಗೆ ನಮ್ಮ ಬೀದಿ ಗೊತ್ತಿಲ್ಲ."

ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ಮಜ್ಜಿಗೆ ಕಂಡರೂ ಹೆದರುತ್ತದೆಯಂತೆ. ಫರ್ಮಿನ್ ಹೇಗೋ ಧೈರ್ಯ ಮಾಡಿ ಸಂಘಕ್ಕೆ ಹೋಗಿ ಕಾರ್ಡು ತಂದ. ತಂದವನಿಗೆ ಅದನ್ನು ಕಿಸೆಯಲ್ಲಿಟ್ಟುಕೊಳ್ಳಲೂ ಭಯ. ಸ್ಪೀಕರ್ ಅಂಗಡಿಯ ಮುಂದೆ ಗಾಡಿ ತಾನಾಗಿಯೇ ನಿಧಾನವಾದಂತೆ ಅವನಿಗೆ ತೋರಿತು. ಇದು ಕೈಗೆ ಸಿಗುವಂತಿರಬಾರದು ಎಂದುಕೊಂಡ.

ಅಡುಗೆಮನೆಯಲ್ಲಿ ನೆರೈದಾ ಇರಲಿಲ್ಲ. ಪಾಸ್ತೆಲ್ ಹಿಟ್ಟು ಅರ್ಧ ಉಳಿದಿತ್ತು. ಫರ್ಮಿನ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ. ತೆಳ್ಳಗಿದ್ದರೆ ಕಳ್ಳನಿಗೆ ಅನುಮಾನ ಬಂದೀತೆಂದು ಸುತ್ತ ಒಂದು ಹಿಡಿ ಹಿಟ್ಟು ಮೆತ್ತಿದ. ಬಾಳೆ ಎಲೆ ಮಡಚಿ, ಅಪಾಯದ ಗುರುತಿಗಿರಲಿ ಎಂದು ಕೆಂಪು ದಾರ ಬಿಗಿದು, ಫ್ರೀಜರಿನ ತಳಕ್ಕೆ ಹಾಕಿದ. ಆ ರಾತ್ರಿ ಅವನಿಗೆ ಸೊಗಸಾಗಿ ನಿದ್ದೆ ಬಂತು.

ಮಿಗ್ದಾಲಿಯಾ ಕೇಳಿದಾಗೆಲ್ಲ, "ಕಾರ್ಡ್ ಭದ್ರವಾಗಿದೆ ಅತ್ತಿಗೆ," ಎನ್ನುತ್ತಿದ್ದ. ಸುಳ್ಳಂತೂ ಅಲ್ಲ.

ಕ್ರಿಸ್‌ಮಸ್ ಬಂತು. ಊರೆಲ್ಲ ಬಾಳೆ ಎಲೆ ಬೇಯುವ ವಾಸನೆ. ಮುಂದಿನ ವರ್ಷದ ಅಂಗಡಿಯ ಆಸೆ ಬಿಡದ ನೆರೈದಾ ದೋನ್ ಕ್ರಿಸ್ಪಿನ್‌ನ ಮನೆಗೆ ಒಂದು ಡಜನ್ ಪಾಸ್ತೆಲ್ ಉಡುಗೊರೆ ಕಳಿಸಿದಳು. ಅವನಿಗೆ ಒಣದ್ರಾಕ್ಷಿ ಆಗದೆಂದು ಫ್ರೀಜರ್ ಬಗೆದು, ದ್ರಾಕ್ಷಿಯಿಲ್ಲದವನ್ನೇ ಹೆಕ್ಕಿದಳು. ದ್ರಾಕ್ಷಿ ಇದ್ದದ್ದಕ್ಕೆ ಬಿಳಿ ದಾರ, ಇಲ್ಲದ್ದಕ್ಕೆ ಕೆಂಪು ದಾರ. ಮದುವೆಯಾದಾಗಿನಿಂದಲೂ ಆ ಮನೆಯಲ್ಲಿ ಅದೇ ಪದ್ಧತಿ. ಪಾಸ್ತೆಲ್ ತಿನ್ನಲು ಮುಂದೆ, ದಾರ ಕಟ್ಟಲು ಹಿಂದೆ ಇರುತ್ತಿದ್ದ ಫರ್ಮಿನ್‌ಗೆ ಅದು ಹೇಗೆ ಗೊತ್ತಾಗಬೇಕು?

ಹಬ್ಬದ ಮಧ್ಯಾಹ್ನ ದೋನ್ ಕ್ರಿಸ್ಪಿನ್ ದವಡೆ ಹಿಡಿದುಕೊಂಡೇ ಬಂದ. ಮಿಗ್ದಾಲಿಯಾಳೂ ಊಟಕ್ಕೆ ಬಂದಿದ್ದಳು. ಅವನು ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಸುರಿದ. ಮೊದಲು ಬಿದ್ದದ್ದು ಹಲ್ಲಿನ ಸೆಟ್ಟಿನ ತುಂಡು. ಆಮೇಲೆ ಬೆಂದು ಹಪ್ಪಳದಂತೆ ಮುರುಟಿದ ಒಂದು ಕಾರ್ಡು.

"ಹಂದಿ ಮಾಂಸದಲ್ಲಿ ಮೂಳೆ ಸಿಗೋದು ನೋಡಿದ್ದೆ," ಎಂದು ಅವನು ತೊದಲಿದ. "ಸಹಕಾರಿ ಸಂಘ ಸಿಗೋದು ಇದೇ ಮೊದಲು!"

ನೆರೈದಾ ಕಾರ್ಡಿನ ಮೇಲಿನ ಹೆಸರು ಓದಿದಳು. ಗಂಡನ ಮುಖ ನೋಡಿದಳು. "ಇದು ಫ್ರೀಜರಲ್ಲಿತ್ತಾ? ಅವತ್ತಿಂದಾನೂ?"

"ಬಳಸಿಬಿಟ್ರೆ ಅಂತ ಭಯ ಆಯ್ತು ಕಣೇ."

"ಒಂದು ಸಲಾನೂ ಉಪಯೋಗಿಸ್ಲಿಲ್ವಾ?" ಮಿಗ್ದಾಲಿಯಾ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಮುಟ್ಟದೇ ಇಟ್ಟ ಕಾರ್ಡ್ ನಿನ್ ಬಗ್ಗೆ ಏನು ಸಾಕ್ಷಿ ಹೇಳುತ್ತೆ? ಹೀಗೇ ಬಿಟ್ಟಿದ್ರೆ ಅವರೇ ಒಂದಿನ ಮುಚ್ಚಾಕಿರೋರು!"

ಆಗ ನೆರೈದಾ ಕುರ್ಚಿಯಲ್ಲಿ ಕೂತುಬಿಟ್ಟಳು. "ಬಿಸಿಲಲ್ಲಿ ನಿಂತೂ ನಿಂತೂ ನನ್ನ ಕಾಲು ಊದ್ಕೊಳ್ಳುತ್ತೆ ಫರ್ಮಿನ್," ಎಂದಳು. "ನೀನು ಸಾಲಕ್ಕೆ ಹೆದರ್ತಿದ್ದೆ, ಸರಿ. ಇನ್ನೂ ಒಂದು ವರ್ಷ ನಾನು ಅಲ್ಲೇ ನಿಲ್ಲೋದಕ್ಕೆ ಹೆದರ್ಲಿಲ್ವಾ?"

ಧ್ವನಿವರ್ಧಕವಿಲ್ಲದೆ ಆಡಿದ ಆ ಮಾತು ಫರ್ಮಿನ್‌ಗೆ ನೇರವಾಗಿ ಎದೆಗೆ ತಾಗಿತು. ಅವನು ನಿಜಕ್ಕೂ ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇವನ ವಿಷಯದಲ್ಲಿ ಕಾರ್ಡೇ ಅಟ್ಟುಹೋಗಿತ್ತು. ದೋನ್ ಕ್ರಿಸ್ಪಿನ್‌ಗೂ ಕರುಳು ಚುರುಕ್ ಎಂದಿರಬೇಕು. "ಸೋದರಳಿಯ ಹೋಗೋಕೆ ಇನ್ನೂ ಒಂದು ವರ್ಷ ಇದೆ," ಎಂದು ಗೊಣಗಿ, ಹಲ್ಲಿನ ಸೆಟ್ಟಿನ ಖರ್ಚನ್ನು ನೆನಪಿಸಿಯೇ ಹೊರಟ.

ಸಂಘದವರು ಹೊಸ ಕಾರ್ಡು ಕೊಟ್ಟರು. ಈ ಸಲ ಮಿಗ್ದಾಲಿಯಾ ನಿಯಮ ಹಾಕಿದಳು.

"ಗಾಡಿಗೆ ಪೆಟ್ರೋಲ್ ಹಾಕ್ಸೋಕೆ ಮಾತ್ರ ಕಾರ್ಡ್. ಬೇರೆ ಯಾವುದಕ್ಕೂ ಇಲ್ಲ. ಇನ್ನೂರರ ಮಿತಿಯಲ್ಲಿ ಐವತ್ತು ದಾಟ್ಬೇಡ. ಬಿಲ್ ಬಂದ ಕೂಡ್ಲೇ ಪೂರ್ತಿ ಕಟ್ಟು, ಕನಿಷ್ಠ ಕಂತು ಅಂತ ಮೂಲೇಲಿ ಸಣ್ಣದಾಗಿ ಬರೆದಿರ್ತಾರಲ್ಲ, ಅದರ ಕಡೆ ಕಣ್ಣೂ ಹಾಯಿಸ್ಬೇಡ. ಮರೀತೀಯ ಅಂದ್ರೆ ಖಾತೆಯಿಂದ ತಾನಾಗೇ ಕಟ್ ಆಗೋ ಹಾಗೆ ಬರೆದುಕೊಡು."

ಅವಳೂ ಫರ್ಮಿನ್‌ನೂ ಕೂತು ಕ್ರೆಡಿಟ್ ವರದಿಯನ್ನೂ ತರಿಸಿದರು. ಅದಕ್ಕೆ ದುಡ್ಡೇನೂ ಕೊಡಬೇಕಾಗಲಿಲ್ಲ. ನೋಡಿದರೆ, ನ್ಯಾಯಾಲಯ ಮನ್ನಾ ಮಾಡಿದ್ದ ಸ್ಪೀಕರಿನ ಸಾಲ ಅಲ್ಲಿ ಇನ್ನೂ 'ಬಾಕಿ' ಎಂದೇ ಕೂತಿತ್ತು.

"ಸತ್ತ ಸಾಲ ಎದ್ದು ಕೂತಿದ್ಯಲ್ಲ ಅತ್ತಿಗೆ!"

"ನೀನು ನೋಡ್ದೇ ಇದ್ರೆ ಕೂತೇ ಇರೋದು. ಕೋರ್ಟಿನ ಆದೇಶದ ಪ್ರತಿ ಇಟ್ಟು ತಕರಾರು ಬರೆದು ಕಳ್ಸು."

ಕಳಿಸಿದ. ತಿಂಗಳೊಪ್ಪತ್ತಿನಲ್ಲಿ ಅದು ಸರಿಹೋಯಿತು.

ಮಳೆಗಾಲದಲ್ಲಿ ಹೊಳೆಯುವ ಶೂ ಹಾಕಿದವನೊಬ್ಬ ಬಂದು ಮುಂಗಡ ಕೊಟ್ಟು ಫರ್ಮಿನ್‌ನ ಗಾಡಿಯನ್ನು ಇಡೀ ವಾರಕ್ಕೆ ಗೊತ್ತುಮಾಡಿದ. ಸಾರಬೇಕಾದ ಮಾತು ಇಷ್ಟು: ಎಂಟುನೂರು ಡಾಲರ್ ಮುಂಗಡ ಕೊಡಿ, ನಿಮ್ಮ ದಿವಾಳಿಯ ದಾಖಲೆಯನ್ನೇ ಅಳಿಸಿಹಾಕುತ್ತೇವೆ. ಫರ್ಮಿನ್‌ಗೆ ಬಾಯಲ್ಲಿ ನೀರೂರಿತು. ಬಾಡಿಗೆಯೂ ಸಿಕ್ಕಿತು, ತನ್ನ ದಾಖಲೆಯೂ ಅಳಿದೀತು! ಓಡಿ ಹೋಗಿ ಅತ್ತಿಗೆಗೆ ಹೇಳಿದ.

"ನಿಜವಾದ ದಿವಾಳೀನ ಯಾರಪ್ಪನ ಕೈಲೂ ಅಳಿಸೋಕಾಗಲ್ಲ," ಎಂದಳು ಅವಳು. "ನಿಂದು ಹತ್ತು ವರ್ಷದವರೆಗೂ ಅಲ್ಲಿರಬಹುದು. ತಪ್ಪಾಗಿ ಬರೆದಿದ್ರೆ ನೀನೇ ಪುಕ್ಕಟೆ ತಿದ್ದಿಸ್ಕೋಬಹುದು, ತಿದ್ದಿಸ್ಕೊಂಡೂ ಆಯ್ತಲ್ಲ. ಮತ್ತೆ ಆ ಶೂಧಾರಿಗೆ ಯಾಕೆ ಎಂಟುನೂರು?"

ಫರ್ಮಿನ್ ತಲೆ ಕೆರೆದುಕೊಂಡ. ಒಂದು ವಾರದ ಬಾಡಿಗೆ ಸಣ್ಣದಲ್ಲ. ಆದರೆ ತನ್ನ ಗಂಟಲನ್ನು ನಂಬಿ ಊರವರು ದುಡ್ಡು ಕಳೆದುಕೊಳ್ಳುತ್ತಾರಲ್ಲ. ಹೋಗಿ ಮುಂಗಡ ಹಿಂದಿರುಗಿಸಿದ. "ಗಂಟಲು ನೋವು ಸ್ವಾಮಿ," ಎಂದು ಹೇಳಿದ, ಊರಿಗೇ ಕೇಳುವಷ್ಟು ಗಟ್ಟಿಯಾಗಿ.

ಮತ್ತೆ ಕ್ರಿಸ್‌ಮಸ್ ಬಂತು. ದೋನ್ ಕ್ರಿಸ್ಪಿನ್ ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ವರದಿ ಹಿಡಿದು ಕೂತ. ನೆರೈದಾ ಗಂಡನ ಪಕ್ಕ ನಿಂತಿದ್ದಳು.

"ದಿವಾಳಿ ಇಲ್ಲೇ ಇದ್ಯಲ್ಲಪ್ಪ."

"ಇರ್ಲಿ ದೋನ್ ಕ್ರಿಸ್ಪಿನ್," ಎಂದ ಫರ್ಮಿನ್. "ಸುಳ್ಳಲ್ಲವಲ್ಲ. ಆಮೇಲಿಂದು ನೋಡಿ."

ದೋನ್ ಕ್ರಿಸ್ಪಿನ್ ಬೆರಳಿಟ್ಟು ಓದಿದ. ಜನವರಿ, ಸಮಯಕ್ಕೆ ಸರಿಯಾಗಿ. ಫೆಬ್ರವರಿ, ಸಮಯಕ್ಕೆ ಸರಿಯಾಗಿ. ಕೊನೆಯವರೆಗೂ ಅದೇ. "ಇಷ್ಟು ನೀರಸವಾದ ಕಥೆ ನಾನು ಓದೇ ಇಲ್ಲ," ಎಂದ. "ನಂಗೆ ಇಂಥದ್ದೇ ಬೇಕು. ಒಂದು ತಿಂಗಳ ಬಾಡಿಗೆ ಹೆಚ್ಚು ಮುಂಗಡ ಕೊಡ್ಬೇಕಾಗುತ್ತೆ, ನಿನ್ ಕ್ರೆಡಿಟ್ ಸ್ಕೋರು ಇನ್ನೂ ಏರ್ಬೇಕು." ಬೀಗದ ಕೈ ಮಾತ್ರ ಅವನು ಫರ್ಮಿನ್‌ಗೆ ಕೊಡಲಿಲ್ಲ, ನೆರೈದಾಳ ಅಂಗೈಯಲ್ಲಿಟ್ಟ. "ನಂಗೆ ಕಳ್ಸೋ ಪಾಸ್ತೆಲ್‌ನ ಮೊದಲು ನಿನ್ ಗಂಡ ಕಚ್ಚಿ ನೋಡ್ಲಿ."

ಈಗ ನೆರೈದಾ ಕಡಲಿಗೆ ಬೆನ್ನು ಹಾಕಿ, ನೆರಳಿನಲ್ಲಿ, ಸ್ಟೂಲಿನ ಮೇಲೆ ಕೂತು ವ್ಯಾಪಾರ ಮಾಡುತ್ತಾಳೆ. ದಾರ ಕಟ್ಟುವುದು ಫರ್ಮಿನ್‌ನ ಕೆಲಸ. ಸಂಜೆ ಅವನ ಗಾಡಿ ಅಂಗಡಿಯ ಮುಂದೆ ನಿಧಾನವಾಗುತ್ತದೆ, ಬಾಡಿಗೆಯಿಲ್ಲದ ಒಂದು ಪ್ರಕಟಣೆಗಾಗಿ. ಓದುಗರೇ, ಅದನ್ನು ಅವನ ಬಾಯಿಂದಲೇ ಕೇಳಿ:

"ಅಕ್ಕಂದಿರೇ, ಅಣ್ಣಂದಿರೇ! ದಿವಾಳಿ ಆಯ್ತು ಅಂತ ಮುಖ ಮುಚ್ಕೊಂಡು ಕೂತಿದ್ದೀರಾ? ಕೂರ್ಬೇಡಿ! ನಿಮ್ಮ ವರದಿ ತರಿಸಿ ಓದಿ, ತಪ್ಪಿದ್ರೆ ತಿದ್ದಿಸಿ, ಪುಕ್ಕಟೆ! ಠೇವಣಿ ಇಟ್ಟು ಸಣ್ಣ ಕಾರ್ಡ್ ತಗೊಳ್ಳಿ, ಒಂದೇ ಒಂದು ಖರ್ಚಿಗೆ ಬಳಸಿ, ಪ್ರತಿ ತಿಂಗಳೂ ಪೂರ್ತಿ ಕಟ್ಟಿ! ಅಳಿಸಿಕೊಡ್ತೀನಿ ಅನ್ನೋನು ಬಂದ್ರೆ ಬಾಗಿಲು ಹಾಕಿ! ನೀವು ಬಿದ್ದಿದ್ದನ್ನ ಯಾರೋ ಬರೆದಾಯ್ತು, ಎದ್ದಿದ್ದನ್ನ ನೀವೇ ಬರೆಸ್ಬೇಕು! ಬಿಸಿ ಬಿಸಿ ಪಾಸ್ತೆಲ್ ಮೂಲೆ ಅಂಗಡೀಲಿ! ಒಳಗೆ ಹಂದಿ ಮಾಂಸ ಮಾತ್ರ ಇದೆ, ಪ್ರಮಾಣ ಮಾಡಿ ಹೇಳ್ತೀನಿ!"