ಗೋಣಿಕೊಪ್ಪಲಿನ ಹಾಜರಿ

“ಸೆರಗು ಕೊಡವೇ ಲೌಡಿ! ಹಡಗು ಹತ್ತಿ ಅಮೆರಿಕಕ್ಕೆ ಹೋಗೋ ಮೆಣಸು ಇದು, ನಿಮ್ಮ ಬಸ್ಸಾರಿಗಲ್ಲ.”

ಮುದ್ದಿ ಸೆರಗು ಕೊಡವಿದಳು. ಒಂದು ಕಾಳೂ ಬೀಳಲಿಲ್ಲ. ಅಷ್ಟಕ್ಕೆ ಸಮಾಧಾನವಾಗದೆ ಎಸ್ಟೇಟಿನ ರೈಟರ್ ಗೋಪಿನಾಥ ಬೆತ್ತದ ತುದಿಯಿಂದ ಅವಳ ಮಡಿಲನ್ನೂ ತಿವಿದು ನೋಡಿದ. ಪಕ್ಕದಲ್ಲೇ ಮೆಣಸು ಕೊಯ್ಯುವ ಏಣಿ ಹೊತ್ತು ನಿಂತಿದ್ದ ಗಂಡ ಜವರಿಗೆ ಮೈಯೆಲ್ಲ ಉರಿಯಿತು. ಆದರೂ ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡನಷ್ಟೆ. ಅವನ ಕಾಗದ ದಣಿಯ ಬೀರುವಿನಲ್ಲಿತ್ತು.

ಯುದ್ಧದ ಕಾಲದಲ್ಲಿ ಬರ್ಮಾದ ಕಾಡಿನಲ್ಲಿ ಪಟಾಲಮ್ಮಿಗೆ ರಸ್ತೆ ಕಡಿದು ಬಂದವನು ಜವರಿ. ಅಲ್ಲಿ ದಿನಾ ಬೆಳಿಗ್ಗೆ ಹಾಜರಿ. ಹವಾಲ್ದಾರ ಹೆಸರು ಕೂಗುವನು. ಸತ್ತವನ ಹೆಸರು ಬಂದರೆ ಪಕ್ಕದವನು ‘ಇಲ್ಲ’ ಎನ್ನಬೇಕು. ಮುದ್ದಿಯ ಅಣ್ಣ ಲಿಂಗನ ಹೆಸರಿಗೆ ಇಲ್ಲವೆಂದವನು ಜವರಿಯೇ. ಬಿಡುಗಡೆಯ ಕಾಗದ ತೋರಿಸಿದರೆ ಮಾಜಿ ಸಿಪಾಯಿಗೆ ಸರ್ಕಾರ ಎರಡು ಎಕರೆ ಕೊಡುತ್ತದಂತೆ. “ಕೂಲಿ ಲೈನಲ್ಲಿಟ್ರೆ ಗೆದ್ದಲು ತಿಂದೀತು, ಕೊಡಿಲ್ಲಿ” ಎಂದು ಎಸ್ಟೇಟಿನ ಒಡೆಯ ಕುಶಾಲಪ್ಪ ಅದನ್ನು ಇಸಿದುಕೊಂಡು ಐದು ವರ್ಷವಾಗಿತ್ತು. ಗೆದ್ದಲೇ ವಾಸಿ, ತಿಂದು ಸುಮ್ಮನಾಗುತ್ತದೆ.

ಈಗ ಕೊಡಗು ರಾಜ್ಯಕ್ಕೆ ಮೊದಲ ಚುನಾವಣೆ. ಓಟಿಗೆ ನಿಂತಿದ್ದ ಕುಶಾಲಪ್ಪ ಜವರಿಯನ್ನು ಬಂಗಲೆಯ ಅಂಗಳಕ್ಕೆ ಕರೆಸಿದ.

“ಸಂತೆ ದಿನ ಗೋಣಿಕೊಪ್ಪಲಲ್ಲಿ ಮೀಟಿಂಗು. ಸ್ಟೇಜ್ ಹತ್ತಿ ಸೆಲ್ಯೂಟ್ ಹೊಡಿ. ಕ್ಯಾಪ್ಟನ್ ಸಾಹೇಬ್ರು ಬರ್ಮಾದಲ್ಲಿ ನಮ್ಮ ಮುಂದೆ ನಡೆದ್ರು ಅನ್ನು. ಆಮೇಲೆ ನಿನ್ನ ಕಾಗದ ತಗೊಂಡು ಹಾಳಾಗಿ ಹೋಗು.”

“ತಾವು ಬರ್ಮಕ್ಕೆ ಬಂದಿರ್ಲಿಲ್ವಲ್ಲ ಬುದ್ದಿ?”

“ನಿನ್ನ ಕೇಳ್ದೋರು ಯಾರೋ, ಬೋಳಿಮಗನೆ?”

ಕುಶಾಲಪ್ಪನ ಕ್ಯಾಪ್ಟನ್‌ಗಿರಿ ಲೈನಿಗೆಲ್ಲ ಗೊತ್ತಿದ್ದದ್ದೇ. ಮಡಿಕೇರಿಯಲ್ಲಿ ಮೇಜಿನ ಹಿಂದೆ ಕೂತು ಸೈನ್ಯಕ್ಕೆ ಆಳು ಸೇರಿಸಿದ್ದ, ಅಷ್ಟೆ. ತನ್ನ ಲೈನಿನಿಂದಲೇ ಆರು ಜನರನ್ನು ಲಾರಿ ಹತ್ತಿಸಿದ್ದ. ತಿರುಗಿ ಬಂದವನು ಜವರಿ ಒಬ್ಬನೇ.

“ಯೋಳ್ಬುಡು” ಎಂದಳು ಮುದ್ದಿ ಅವತ್ತು ರಾತ್ರಿ. “ಸುಳ್ಳು ಯೋಳುದ್ರೆ ನಾಲ್ಗೆ ಸವೆಯಕ್ಕಿಲ್ಲ. ಎಲ್ಡ್ ಎಕ್ರೆ ಸಿಕ್ರೆ ಈ ಸೆರಗು ಕೊಡವೋದಾದ್ರೂ ತಪ್ತದೆ.”

ಜವರಿ ಹೂಂ ಎಂದ.

ಸಂತೆಯ ದಿನ ಲೈನಿನವರನ್ನು ಲಾರಿಯಲ್ಲಿ ತುಂಬಿ ತಂದು ಸ್ಟೇಜಿನ ಮುಂದೆ ಕೂರಿಸಿದರು. ಕುಶಾಲಪ್ಪ ಖಾಕಿ ಕೋಟು ತೊಟ್ಟಿದ್ದ.

“ನನ್ನ ಮೆಣಸು ಅಮೆರಿಕಕ್ಕೆ ಹೋಗಿ ದೇಶಕ್ಕೆ ಡಾಲರ್ ತಂತು! ಹಡಗಿಗೆ ಆರುನೂರು ಮೂಟೆ, ಯುದ್ಧಕ್ಕೆ ಆರು ಆಳು, ಎರಡನ್ನೂ ಕಳ್ಸಿದೋನು ನಾನು. ನನ್ನೆದುರು ಓಟಿಗೆ ನಿಂತಿರೋ ಆ ಖಾದಿ ಮೇಷ್ಟ್ರು ಏನು ಕಳ್ಸಿದಾನೆ, ಕೇಳಿ!”

ಚಪ್ಪಾಳೆ ಬಿತ್ತು. ಜವರಿಯ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಲಿಂಗನನ್ನು ಮೂಟೆಯ ಪಕ್ಕದಲ್ಲಿಟ್ಟು ಎಣಿಸಿದ್ದ ನನ್ಮಗ.

“ಬಾರೋ ಜವರಿ, ಬರ್ಮಾದಲ್ಲಿ ಯಾರು ಮುಂದೆ ನಡೆದ್ರು ಹೇಳು.”

ಜವರಿ ಮೈಕಿನ ಮುಂದೆ ನಿಂತು ಸೆಲ್ಯೂಟ್ ಹೊಡೆದ. ಕಾಗದ ಕುಶಾಲಪ್ಪನ ಕೈಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಬಾಯಿ ತೆರೆದರೆ ಹೊರಬಂದದ್ದು ಹವಾಲ್ದಾರನ ದನಿ.

“ಹಾಜರಿ!”

ದಿನಾ ಬೆಳಿಗ್ಗೆ ರೈಟರ್ ಕೂಗುವ ಮಾತು ಅದು. ಲೈನಿನವರೆಲ್ಲ ಅಭ್ಯಾಸಬಲದಿಂದ ಎದ್ದು ನಿಂತರು.

“ಲಿಂಗ!”

“ಮುಚ್ಚೋ ಬಾಯಿ” ಎಂದು ಹಲ್ಲು ಕಡಿಯುತ್ತ ಕುಶಾಲಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದ, ಹರಿಯುವವನಂತೆ. ಜವರಿ ಮುದ್ದಿಯ ಕಡೆ ನೋಡಿದ. ಅವಳು ಕಾಗದವನ್ನೇ ನೋಡುತ್ತಿದ್ದಳು.

“ಲಿಂಗ!”

“ಇಲ್ಲ!” ಮುದ್ದಿ ಕಿರುಚಿದಳು. “ನಮ್ಮಣ್ಣ ಇಲ್ಲ ಕಣ್ರೋ, ಇಲ್ಲ!”

ಕಾಗದ ಪರ್ರನೆ ಹರಿದದ್ದು ಮೈಕಿನಲ್ಲಿ ಸಂತೆಗೆಲ್ಲ ಕೇಳಿಸಿತು.

“ಸಣ್ಣಸ್ವಾಮಿ!”

“ಇಲ್ಲ!” ಈ ಸಲ ಕೂಗಿದ್ದು ಇಡೀ ಲೈನು.

ಗೋಪಿನಾಥ ಬೆತ್ತ ಹಿಡಿದು ಸ್ಟೇಜಿನ ಮೆಟ್ಟಿಲು ಹತ್ತುತ್ತಿದ್ದ. ತಿರುಗಿ ಬರದವರಲ್ಲಿ ಇನ್ನೂ ಮೂರು ಹೆಸರು ಉಳಿದಿದ್ದವು. ಜವರಿ ಮುಂದಿನದಕ್ಕೆ ಬಾಯಿ ತೆರೆದ.