ರೊಟ್ಟಿ ನೆನೆಸಿದವನು

ಓಂಕಾರಪ್ಪ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಾಗ, ಗುಂಡಿಯ ಸುತ್ತ ನಿಂತಿದ್ದ ಕೇರಿಯ ಜನ ದಾರಿ ಬಿಡುವ ಭರದಲ್ಲಿ ಒಬ್ಬರ ಕಾಲು ಒಬ್ಬರು ತುಳಿದರು. ನ್ಯಾಮತಿಯ ಕಿರಾಣಿ ಸಾಹುಕಾರ ಕೇರಿಯ ಸಾವಿಗೆ ಬಂದಿದ್ದೇ ಹೆಚ್ಚು. ಅಂಥದ್ದರಲ್ಲಿ ಮಣ್ಣು ಬೇರೆ ಹಾಕುತ್ತಾನೆಂದರೆ ಯಾರಿಗಾದರೂ ಗಾಬರಿಯೇ. ಕೆಳಗೆ ಬಿಳಿ ಬಟ್ಟೆಯೊಳಗೆ ತಿಪ್ಪೇಶಪ್ಪ ಮಲಗಿದ್ದ. ಜೀವಮಾನವೆಲ್ಲ ಸೌದೆ ಒಡೆದ ಮನುಷ್ಯ. ಊರಿನ ಯಾವ ಮದುವೆಯ ಒಲೆಯೂ ಅವನ ಕೊಡಲಿಯ ಹಂಗಿಲ್ಲದೆ ಉರಿದಿರಲಿಲ್ಲ, ಆದರೆ ಆ ಒಲೆಯ ಹತ್ತಿರ ಅವನನ್ನು ಯಾರೂ ಬಿಟ್ಟುಕೊಂಡಿರಲಿಲ್ಲ.

"ಮುಖ ತೋರಿಸಿದ್ದಾತಲ್ಲ, ನಡಿಯೋ," ಎಂದ ನಾಗರಾಜಪ್ಪ. ಅವನು ಓಂಕಾರಪ್ಪನ ಪಕ್ಕದಂಗಡಿಯವನು, ಜೊತೆಗೆ ಬಂದಿದ್ದ.

"ಅವನ ಮನೆತಂಕ ಹೋಗಿ ಬರಾನ."

"ಮನೆಗೆ ಯಾತಕ್ಕೆ?"

"ಅವನ ಹೆಂಡ್ತಿ ಅಂಜಮ್ಮನ ಹತ್ರ ಒಂದು ಮಾತು ಹೇಳೋದೈತೆ."

ಯಾವ ಮಾತೆಂದು ನಾಗರಾಜಪ್ಪನಿಗೆ ತಕ್ಷಣ ಹೊಳೆಯಿತು. "ತಲೆ ಕೆಟ್ಟೈತಾ ನಿಂಗೆ? ಒಂಬತ್ತು ವರ್ಷ ಸುಮ್ಮನಿದ್ದೋನು ಈಗ ಹೆಣ ಮಣ್ಣಾದ ಮ್ಯಾಲೆ ಹೇಳ್ತೀಯಾ?"

ಅದೇ ಪ್ರಶ್ನೆಯನ್ನು ಓಂಕಾರಪ್ಪ ಬೆಳಗಿನಿಂದ ತನ್ನನ್ನೇ ಕೇಳಿಕೊಂಡಿದ್ದ. ಪ್ರತಿ ದೀಪಾವಳಿಗೆ ತಿಪ್ಪೇಶಿ ಅಂಗಡಿಯ ಮೆಟ್ಟಿಲ ಕೆಳಗೆ ನಿಂತಾಗ ಹೇಳಬೇಕೆಂದುಕೊಳ್ಳುವುದು, ಬೆಲ್ಲದ ಪೊಟ್ಟಣ ಕೊಟ್ಟು ಕಳಿಸುವುದು. ಹೇಡಿತನಕ್ಕೂ ಒಂದು ಮಿತಿ ಬೇಡವೇ?

*

ಎಪ್ಪತ್ತೇಳರ ನವೆಂಬರಿನಲ್ಲಿ ಚಂಡಮಾರುತ ಬೀಸಿ ಆಂಧ್ರದ ಕಡಲು ಊರುಗಳೊಳಗೇ ನುಗ್ಗಿತೆಂದು ರೇಡಿಯೋ ಹೇಳಿದಾಗ ಓಂಕಾರಪ್ಪ ಮರುಗಿದ್ದ. ಅದರಲ್ಲಿ ಸುಳ್ಳಿಲ್ಲ. ಹೊತ್ತುಗೊತ್ತು ನೋಡದೆ ಓಡಾಡಿದ. ಚನ್ನಗಿರಿಯವರು ಲಾರಿ ಕೊಟ್ಟರು, ಹೊನ್ನಾಳಿಯವರು ಅಕ್ಕಿ ಕೊಟ್ಟರು, ಜಗಳೂರು ಕಡೆಯ ಹೆಂಗಸರು ಹಗಲಿರುಳು ತಟ್ಟಿ ಹನ್ನೆರಡು ಮೂಟೆ ಒಣ ಜೋಳದ ರೊಟ್ಟಿ ಕಳಿಸಿದರು. ತಿಂಗಳಿಟ್ಟರೂ ಕೆಡದ ರೊಟ್ಟಿ, ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದು ಎಲ್ಲರೂ ಬೀಗಿದರು. ಅಡಿಗೆಗೆ ಒಬ್ಬ ಭಟ್ಟರು, ಕೈಯಾಳಾಗಿ ನಾಗರಾಜಪ್ಪ ಸೇರಿ ನಾಲ್ಕು ಜನ, ಸೌದೆ ಒಡೆಯಲು ತಿಪ್ಪೇಶಿ. ಓಂಕಾರಪ್ಪನೂ ಹತ್ತಿದ, ಲಾರಿ ಹೊರಟಿತು.

ಅಲ್ಲಿ ಅಕ್ಕಿ ಎರಡೇ ದಿನಕ್ಕೆ ಮುಗಿಯಿತು. ಭಟ್ಟರು ವಾಂತಿಭೇದಿ ಹಿಡಿದು ಲಾರಿಯಲ್ಲಿ ಅಂಗಾತ ಮಲಗಿದರು. ಜನ ಮಾತ್ರ ಕೆಸರಿನಲ್ಲಿ ಬರುತ್ತಲೇ ಇದ್ದರು. ಓಂಕಾರಪ್ಪ ಮೂಟೆ ಬಿಚ್ಚಿ ರೊಟ್ಟಿ ಹಂಚತೊಡಗಿದ. ಅನ್ನವುಂಡು ಬೆಳೆದವರು ಅವರು. ಹಲಗೆಯಂಥ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಪ್ಪುನೀರು ಕುಡಿದು ಮಕ್ಕಳ ಬಾಯಿ ಹುಣ್ಣಾಗಿತ್ತು. ಒಬ್ಬ ಮುದುಕಿ ಬೊಚ್ಚುಬಾಯಲ್ಲಿ ಕಚ್ಚಿ ನೋಡಿ, ಕೈಮುಗಿದು ರೊಟ್ಟಿ ವಾಪಸ್ಸು ಕೊಟ್ಟಳು. ಓಂಕಾರಪ್ಪನಿಗೆ ಅಳು ಬಂತು.

"ಹಂಗೇ ಕೊಡಬ್ಯಾಡ್ರಿ ಸಾವ್ಕಾರ್ರೇ," ಎಂದ ತಿಪ್ಪೇಶಿ, ಸೌದೆಯ ರಾಶಿಯ ಹತ್ತಿರದಿಂದಲೇ. "ಮುರಿದು ನೆನೆಸಿ, ಹುಣಸೆ ನೀರಾಗೆ ಕುದಿಸ್ಬೇಕು. ಈರುಳ್ಳಿ, ಮೆಣಸಿನಕಾಯಿ ಹಾಕಿದ್ರೆ ಮೆತ್ತಗಾಗಿ ಗಂಟಲಿಗೆ ಇಳೀತೈತೆ."

"ನಿಂಗೆ ಹೆಂಗೆ ಗೊತ್ತೋ?"

"ನಿಮ್ಮ ಮನೆಗಳಾಗೆ ನಮಗೆ ಹಳೇ ರೊಟ್ಟಿ ಕೊಡ್ತೀರಲ್ರೀ, ವಾರದ್ದು, ಹದಿನೈದು ದಿನದ್ದು. ಹಲ್ಲಿಗೆ ಬರಲ್ಲ. ನಮ್ಮವ್ವ ಹಿಂಗೇ ಮಾಡೋಳು."

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಓಂಕಾರಪ್ಪ ನೆಲ ನೋಡುತ್ತ, "ಮಾಡು," ಎಂದ.

ಮುದುಕಿ ಎರಡನೇ ಸಲ ಬಟ್ಟಲು ಹಿಡಿದಳು. ಮಕ್ಕಳು ಬಟ್ಟಲು ನೆಕ್ಕಿದರು. ಸಂಜೆ ಊರಿನವರು ಐವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗ, ಮೊದಲು ತಟ್ಟೆ ಚಾಚಿದವನು ನಾಗರಾಜಪ್ಪನೇ. ಹಸಿವು ಕೇರಿ ಕೇಳುತ್ತದೆಯೇ? ಆಮೇಲೆ ಬೇರೆ ಕಡೆಯಿಂದ ಅಕ್ಕಿ ಬಂದಾಗಲೂ ಸೌಟು ತಿಪ್ಪೇಶಿಯ ಕೈಯಲ್ಲೇ ಉಳಿಯಿತು. ಹನ್ನೊಂದು ದಿನ ಅವನು ಬೇಯಿಸಿದ, ಇವರು ಉಂಡರು.

ವಾಪಸ್ಸು ಬರುವಾಗ ಚಿತ್ರದುರ್ಗದ ಹತ್ತಿರ ಚಹಾಕ್ಕೆ ಇಳಿದಾಗ ನಾಗರಾಜಪ್ಪ ಎಲ್ಲರಿಂದ ಮಾತು ತೆಗೆದುಕೊಂಡ. "ಅಡಿಗೆ ಭಟ್ಟರದ್ದೇ ಅನ್ನಬೇಕು. ಇಲ್ಲಾಂದ್ರೆ ಮನೆಯೊಳಗೆ ಕಾಲಿಡಾಕೆ ಬಿಡ್ತಾರೇನ್ರೋ?" ಓಂಕಾರಪ್ಪನೂ ತಲೆಯಾಡಿಸಿದ. ಲಾರಿಯ ಮೇಲಿನಿಂದ ತಿಪ್ಪೇಶಿ, "ನಾನು ಸೌದೆ ಒಡೆದೆ ಅಂತೀನಿ ಬಿಡ್ರಿ. ಅದೂ ಸುಳ್ಳಲ್ಲವಲ್ಲ," ಎಂದ.

ಹೊನ್ನಾಳಿಯಲ್ಲಿ ಸನ್ಮಾನವಾಯಿತು. ಲಾರಿಯಲ್ಲಿ ಮಲಗಿ ಬಂದ ಭಟ್ಟರಿಗೆ ಶಾಲು ಹೊದಿಸಿದರು. ತಿಪ್ಪೇಶಿ ಶಾಮಿಯಾನದ ಕಂಬ ಬಿಚ್ಚಿ ಗಾಡಿಗೆ ಹೇರಿದ.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯ ಭೀಮಕ್ಕ ಅನ್ನ ಸಾರು ಮಾಡಿ ತಂದಿದ್ದಳು. ಅಂಗಳದಲ್ಲಿ ಮಣ್ಣು ಮಾಡಿ ಬಂದವರು ಸಾಲಾಗಿ ಕೂತಿದ್ದರು. ಓಂಕಾರಪ್ಪನನ್ನು ಕಂಡು ಜಗಲಿಯ ಮೇಲಿದ್ದ ಅಂಜಮ್ಮ ಎದ್ದು ನಿಂತಳು.

"ಸಾವ್ಕಾರ್ರಿಗೆ ಅಂಗಡಿಯಿಂದ ಸೋಡಾ ತರಿಸ್ರೋ. ಬಾಟ್ಲಿಯಾಗೇ ಕೊಡ್ರಿ, ನಮ್ಮ ಲೋಟಕ್ಕೆ ಹಾಕಬ್ಯಾಡ್ರಿ."

"ಸೋಡಾ ಬ್ಯಾಡವ್ವ. ಅಂಜಮ್ಮ, ಆಂಧ್ರಕ್ಕೆ ಹೋಗಿದ್ವಲ್ಲ, ಅಲ್ಲಿ ಅಡಿಗೆ ಮಾಡಿದ್ದು ಭಟ್ಟರಲ್ಲ. ನಿನ್ನ ಗಂಡ. ಸಾವಿರಾರು ಜನಕ್ಕೆ ಉಣ್ಣಾಕೆ ಇಕ್ಕಿದ. ನಾವೂ ಅವನ ಕೈಯಡಿಗೆ ಉಂಡ್ವಿ. ನಾನು, ಈ ನಾಗರಾಜಪ್ಪ, ಎಲ್ಲಾರೂ."

ನಾಗರಾಜಪ್ಪ ಬೇಲಿಯ ಹೊರಗಿನಿಂದಲೇ ತಿರುಗಿ, ದಡದಡನೆ ಊರ ದಾರಿ ಹಿಡಿದ.

"ಇವ್ರಾ?" ಎಂದಳು ಅಂಜಮ್ಮ. "ಮನೇಲಿ ಒಂದಿನ ಒಲೆ ಊದಿದೋರಲ್ಲ! ನಾನು ಜ್ವರ ಬಂದು ಮಲಗಿದ್ರೂ ಭೀಮಕ್ಕನೇ ಗಂಜಿ ಕಾಯಿಸ್ಬೇಕಾಗಿತ್ತು... ಹೆಂಗಿತ್ರೀ ಅಡಿಗೆ?"

"ಹುಳಿ ಒಂಚೂರು ಮುಂದಾಗಿತ್ತು."

ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಗು ಅರ್ಧ ದಾರಿಯಲ್ಲೇ ಅಳುವಾಯಿತು. ಅತ್ತು ಮುಗಿಸಿ ಮೂಗೊರೆಸಿಕೊಂಡು ಹೇಳಿದಳು: "ಅವ್ರು ಇದ್ದಾಗ ಹೇಳ್ಬೇಕಿತ್ತು ಸಾವ್ಕಾರ್ರೇ. ಅವ್ರ ಕಿವಿಗೂ ಬೀಳ್ತಿತ್ತು."

"ಹೌದವ್ವ. ಹೇಳ್ಬೇಕಿತ್ತು."

ಇನ್ನು ಹೊರಡಬಹುದಿತ್ತು. ಆದರೆ ಬರೀ ಮಾತು ಹೇಳಿ ಹೋಗುವುದು ಅವನಿಗೇ ಅಗ್ಗದ ವ್ಯಾಪಾರವೆನಿಸಿತು. ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದು ತಟ್ಟೆ ಎಳೆದುಕೊಂಡ. ಪಕ್ಕದಲ್ಲಿದ್ದವರು ದೂರ ಸರಿದರು.

ಭೀಮಕ್ಕ ಅವನ ಮುಂದೆ ಬಂದು ನಿಂತುಬಿಟ್ಟಳು. "ನಾಳೆ ಊರಾಗೆ ಮಾತು ಎದ್ರೆ ನಮ್ಮ ತಲೆ ಮ್ಯಾಲೇ ಬರ್ತೈತೆ. ನೀವಾಗೇ ಬಂದು ಕುಂತ್ರಿ ಅಂತ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ."

"ಒಂಬತ್ತು ವರ್ಷ ಹೇಳ್ಲಿಲ್ವಲ್ರೀ."

ಓಂಕಾರಪ್ಪ ತಟ್ಟೆ ಬಿಟ್ಟು ಏಳಲಿಲ್ಲ. ಜಗಲಿಯಿಂದ ಅಂಜಮ್ಮ, "ಬಡ್ಸು ಭೀಮಕ್ಕ," ಎಂದಳು.

ಭೀಮಕ್ಕ ಸೊಂಟ ಬಗ್ಗಿಸಲಿಲ್ಲ. ಸಾಹುಕಾರರ ಹಿತ್ತಿಲುಗಳಲ್ಲಿ ಮೇಲಿನಿಂದ ಸುರಿಸಿಕೊಂಡೇ ಬಲ್ಲವಳು. ಸಾಹುಕಾರನಿಗೆ ಬಡಿಸಿ ಗೊತ್ತಿರಲಿಲ್ಲ. ತಟ್ಟೆಗೆ ತಾಗಬಾರದೆಂದು ಒಂದು ಮೊಳ ಮೇಲೆ ಸೌಟು ಹಿಡಿದಳು. ಅಷ್ಟೆತ್ತರದಿಂದ ಸುರಿದ ಸಾರು ಓಂಕಾರಪ್ಪನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಅವನು ಎರಡೂ ಕೈಯಿಂದ ತಟ್ಟೆ ಎತ್ತಿದ. ಅದರ ಅಂಚು ಸೌಟಿಗೆ ಠಣ್ಣೆಂದು ತಗಲುವ ತನಕ ಎತ್ತಿ, ಹಾಗೇ ಹಿಡಿದುಕೊಂಡು ಕೂತ.