ಪಟ್ಟದ ನಿಲುವಂಗಿಯ ಕೊನೆಯ ಹೊಲಿಗೆ

ನನಗಿಂತ ದೊಡ್ಡ ಟೈಲರ್ ಈ ದೇಶದಲ್ಲಿ ಹುಟ್ಟಿಲ್ಲ. ಹುಟ್ಟಲು ಹೊರಟವನೂ ನನ್ನ ಸುದ್ದಿ ಕೇಳಿ ವಾಪಸ್ ಹೋಗಿರುತ್ತಾನೆ. ನಮ್ಮ ತಾತ ಓಡುವ ಕುದುರೆಯ ಅಳತೆ ತೆಗೆದು ಕೋಟು ಹೊಲಿದವರು. ನಮ್ಮಪ್ಪ ಹರಿಯುವ ನೀರಿಗೆ ಗುಂಡಿ ಹಾಕಿದವರು. ಅರಮನೆಯ ಸೂಜಿ ಅಪ್ಪನಿಂದ ನನಗೆ ಬಂತು, ನನ್ನಿಂದ ಮಗಳಿಗೆ ಹೋಗಬೇಕು. ಬೇಕಾ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ.

ಪಟ್ಟದ ನಿಲುವಂಗಿ ಮಾತ್ರ ಮೊದಲ ಅರಸನ ಕಾಲದ್ದು. ಆನೆಗೆ ಹೊದಿಸಿದರೆ ಆನೆಯೇ ಮಂಡಿಯೂರೀತು, ಅಷ್ಟು ಭಾರ. ಯಾರ ಮೈಗೂ ತಕ್ಕಂತೆ ಅದನ್ನು ಕತ್ತರಿಸುವಂತಿಲ್ಲ. ಮೈಯೇ ಅದಕ್ಕೆ ತಕ್ಕಂತಾಗಬೇಕು. ಪಟ್ಟದ ದಿನ ವಾರಸುದಾರರು ಒಳಗೆ ನಿಂತ ಮೇಲೆ ಕೊರಳಪಟ್ಟಿಗೆ ನಾನು ಕೊನೆಯ ಹೊಲಿಗೆ ಹಾಕುತ್ತೇನೆ. ಹಾಕಿದೆನೋ, ಸಾಯುವವರೆಗೂ ಅವರೇ ದೊರೆ.

ಹಳೆಯ ದೊರೆ ತೀರಿಕೊಂಡಿದ್ದರು. ಎಲ್ಲೋ ಸಮುದ್ರದ ಮೀನುಗಳ ಬಗ್ಗೆ ಓದುತ್ತಿದ್ದ ಅವರ ಮಗಳನ್ನು ಕರೆತಂದು ಪಟ್ಟದ ದಿನ ಬೆಳಿಗ್ಗೆಯೇ ನನ್ನ ಕೋಣೆಗೆ ಬಿಟ್ಟರು.

"ಮಾಸ್ಟರೇ, ನಾನು ಬೇಡ ಅಂದ್ರೆ ಬಿಡ್ತಾರಾ?"

"ಹುಟ್ಟಿದಾಗ್ಲೇ ಹೂಂ ಅಂದ ಹಾಗಾಯ್ತಲ್ಲ, ಅಮ್ಮಾವ್ರೇ."

ಇಸ್ತ್ರಿ ಮಾಡುತ್ತಿದ್ದ ನನ್ನ ಮಗಳು ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. "ಯಾರದೋ ಅಪ್ಪ ಚೆನ್ನಾಗಿ ಹಲ್ಲು ಕೀಳ್ತಿದ್ದ ಅಂತ ಮಗಳ ಕೈಗೆ ಇಕ್ಕಳ ಕೊಟ್ಟು, ಅವಳ ಮುಂದೆ ಬಾಯಿ ತೆಗೀತೀಯಾ, ಅಪ್ಪ?"

"ಇದು ಬರೀ ಅಲಂಕಾರ ಕಣೇ. ಆಳೋದು ನೀವು ವೋಟು ಹಾಕಿದವ್ರೇ."

"ಅಲಂಕಾರಕ್ಕೆ ಒಂದು ಜೀವ ಯಾಕೆ? ವೋಟು ಹಾಕಿದವ್ರನ್ನ ಇಳಿಸಬಹುದು. ಇವ್ರು ಕೆಟ್ಟವರಾದ್ರೆ ನಾವು ಇಳಿಸೋ ಹಾಗಿಲ್ಲ, ಒಳ್ಳೆಯವರಾದ್ರೆ ಪಾಪ, ತಾವೇ ಇಳಿಯೋ ಹಾಗಿಲ್ಲ."

ಆಗ ನಿಲುವಂಗಿ ಕೆಮ್ಮಿತು.

ಹುಲಿಯನ್ನು ದುರುಗುಟ್ಟಿ ನೋಡಿ ಅಳುವಂತೆ ಮಾಡಿದ ಗಂಡು ನಾನು. ಹೊಲಿಗೆ ಯಂತ್ರದ ಹಿಂದೆ ಅವಿತುಕೊಂಡೆ. ಹೊರಗೆ ಕಹಳೆ ಮೊಳಗಿತು. ನಿಲುವಂಗಿ ತನ್ನನ್ನು ತೊಡಿಸಿದ್ದ ಮರದ ಗೊಂಬೆಯಿಂದ ಕೆಳಗಿಳಿದು, ಒಳಗೆ ಯಾರೂ ಇಲ್ಲದೆಯೇ ನೆಲ ಒರೆಸಿಕೊಂಡು ಬಾಲ್ಕನಿಗೆ ಹೋಗಿ ತೋಳು ಎತ್ತಿತು. ಜನ ಗಂಟಲು ಹರಿಯುವಂತೆ ಜೈಕಾರ ಹಾಕಿದರು. ಒಳಗೆ ಯಾರಿದ್ದಾರೆಂದು ಒಬ್ಬರೂ ನೋಡಲಿಲ್ಲ.

ಅದು ತಿರುಗಿ ಬಂದು ಪಟ್ಟಕ್ಕೆ ಬಂದ ಹುಡುಗಿಯ ಮುಂದೆ ಕೊರಳು ತೆರೆದು ನಿಂತಿತು. ಒಳಗಿನ ಕತ್ತಲಲ್ಲಿ ಮುದಿ ಕೆಮ್ಮುಗಳು ಒಂದರ ಮೇಲೊಂದು. ಒಂದನ್ನು ಗುರುತು ಹಿಡಿದೆ. ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಕೆಮ್ಮುವ ಕೆಮ್ಮು. ಎಂದೋ ತೀರಿಕೊಂಡ ನಮ್ಮಪ್ಪನದು. ದೊರೆಗಳ ಜೊತೆ ನಮ್ಮವರನ್ನೂ ಅದು ಒಳಗೆ ಹೊಲಿದುಕೊಂಡಿತ್ತು.

ಒಂದು ತೋಳು ಹುಡುಗಿಯ ಹೆಗಲಿಗೆ ಬಂತು. ಇನ್ನೊಂದು, ಅರಮನೆಯ ಸೂಜಿ ಹಿಡಿದು, ನನ್ನ ಮಗಳ ಕಡೆ ಚಾಚಿತು.

"ಅಪ್ಪಾ..." ಎಂದಳು ಮಗಳು. ಅಷ್ಟು ಸಣ್ಣ ದನಿ ಅವಳಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಕತ್ತರಿ ಎತ್ತಿಕೊಂಡೆ. ಕೊರಳಿಂದ ಕಾಲಿನವರೆಗೆ ಒಂದೇ ಏಟಿಗೆ ಸೀಳಿದೆ. ಆ ಸದ್ದಿಗೆ ಪಕ್ಕದ ದೇಶದಲ್ಲಿ ಗಾಜು ಒಡೆದವಂತೆ. ಒಳಗಿಂದ ತಣ್ಣನೆಯ ಉಸಿರೊಂದು ನನ್ನ ಕೆನ್ನೆ ಸವರಿ ಹೋಯಿತು. ಬೀಡಿ ವಾಸನೆ, ಅಪ್ಪನದೇ.

ಹುಡುಗಿ ನನ್ನ ಮಗಳ ಸ್ವೆಟರ್ ಹಾಕಿಕೊಂಡು ಹಿಂಬಾಗಿಲಿನಿಂದ ಹೋದಳು. ಹೊರಗೆ ಜನ ಇನ್ನೂ ಜೈಕಾರ ಹಾಕುತ್ತಲೇ ಇದ್ದರು, ಖಾಲಿ ಬಾಲ್ಕನಿಗೆ.